ಟಿವಿ ಕಂಡುಹಿಡಿದದ್ದು ಯಾರು ಮಾರಾಯ್ರೆ?

ಕಳೆದ ವರ್ಷ ಮಳೆ ಸ್ವಲ್ಪ ಹೊಳವಾದ ಮೇಲೆ ನಮ್ಮ ಕಡೆ ಹೈಸ್ಕೂಲು ಮಕ್ಕಳಿಗೆ ಒಂದು ರಸಪ್ರಶ್ನೆ ಸ್ಪರ್ಧೆ ಇತ್ತು. ಯಾರು ನಡೆಸಿದ್ದು, ಯಾವ ಶಾಲೆ ಎಂಬುದೆಲ್ಲ ಇಲ್ಲಿ ಬೇಡ. ನಾನು ಹೋಗಿದ್ದು ವರದಿಗೆ. ವರದಿ ಅಂದರೆ ಗೊತ್ತಲ್ಲ, ಒಂದು ಫೋಟೊ, ಆರು ಸಾಲು, ವೇದಿಕೆಯಲ್ಲಿ ಕೂತವರ ಹೆಸರು. ಒಂದು ಹೆಸರು ಬಿಟ್ಟುಹೋದರೆ ಮರುದಿನ ಬೆಳಿಗ್ಗೆ ಏಳಕ್ಕೇ ಫೋನು ಬರುತ್ತದೆ. ಹಾಗಾಗಿ ನಾನು ಹೆಸರು ಬರೆದುಕೊಳ್ಳುವುದರಲ್ಲೇ ಇದ್ದೆ, ಪ್ರಶ್ನೆಗಳ ಕಡೆ ಅಷ್ಟು ಗಮನ ಇರಲಿಲ್ಲ.

ಕೊನೆ ಸುತ್ತಿನಲ್ಲಿ ಪ್ರಶ್ನೆ ಬಂತು: ಟೆಲಿವಿಷನ್ ಕಂಡುಹಿಡಿದವರು ಯಾರು? ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ ಎದ್ದು ನಿಂತು "ಫಿಲೋ ಫಾರ್ನ್ಸ್‌ವರ್ತ್" ಅಂದಳು. ಪ್ರಶ್ನೆ ಕೇಳುತ್ತಿದ್ದವರು ಕೈಯಲ್ಲಿದ್ದ ಹಾಳೆ ನೋಡಿದರು. "ತಪ್ಪು ಉತ್ತರ. ನೆಕ್ಸ್ಟ್ ಟೀಮ್?" ಪಕ್ಕದ ತಂಡದವರು "ಜೆ. ಎಲ್. ಬೇರ್ಡ್" ಅಂದರು. ಚಪ್ಪಾಳೆ. ಆ ಒಂದು ಪ್ರಶ್ನೆಯಲ್ಲೇ ಹುಡುಗಿಯ ತಂಡ ಎರಡನೇ ಸ್ಥಾನಕ್ಕೆ ಇಳಿಯಿತು.

ಕಾರ್ಯಕ್ರಮ ಮುಗಿದ ಮೇಲೆ ಉಪ್ಪಿಟ್ಟಿನ ಸಾಲಿನಲ್ಲಿ ಅವಳು ನನ್ನ ಹತ್ತಿರ ಬಂದಳು.

"ಅಣ್ಣ, ನೀವು ಪೇಪರಿನವರಲ್ವ? ನಾ ಹೇಳಿದ್ದು ತಪ್ಪಾ?"

"ತಪ್ಪಲ್ಲ. ಆದ್ರೆ ಅವ್ರು ಹೇಳಿದ್ದೂ ಪೂರ್ತಿ ತಪ್ಪಲ್ಲ" ಅಂದೆ.

"ಹಂಗಾದ್ರೆ ನಂಗೆ ಮಾರ್ಕ್ ಯಾಕಿಲ್ಲ?"

ಇದಕ್ಕೆ ನನ್ನ ಹತ್ತಿರ ಉಪ್ಪಿಟ್ಟು ತಣ್ಣಗಾಗುವುದರೊಳಗೆ ಹೇಳಿ ಮುಗಿಸುವಂಥ ಉತ್ತರ ಇರಲಿಲ್ಲ. ಉದ್ದದ ಉತ್ತರ ಇದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆಗುಂಬೆಯವರಿಗೆ ಟಿವಿ ಮೇಲೆ ಸ್ವಲ್ಪ ಹಕ್ಕು ಜಾಸ್ತಿ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ತೆಗೆದದ್ದು ಇಲ್ಲೇ. ಇಲ್ಲಿಯ ದೊಡ್ಡಮನೆಯೇ ಸ್ವಾಮಿಯ ಮನೆ. ರೈಲು ನಿಲ್ದಾಣ ಬೇಕಾದಾಗ ಹೊಸನಗರ ತಾಲ್ಲೂಕಿನ ಅರಸಾಳಿಗೆ ಹೋದರು. ಆ ನಿಲ್ದಾಣದಲ್ಲಿ ಈಗ ಮಾಲ್ಗುಡಿ ಮ್ಯೂಸಿಯಂ ಇದೆ. ಆರ್. ಕೆ. ನಾರಾಯಣ್ ಮಾತ್ರ ಮಾಲ್ಗುಡಿ ಎಂಬುದು ನಕ್ಷೆಯಲ್ಲಿ ಎಲ್ಲೂ ಇಲ್ಲದ ಊರು ಎಂದೇ ಹೇಳುತ್ತಿದ್ದರು. ಆದರೂ ಪ್ರವಾಸಿಗರು ಬಸ್ಸಿಳಿದು "ಮಾಲ್ಗುಡಿ ಇದೇನಾ?" ಅಂತ ಕೇಳುತ್ತಾರೆ, ನಮ್ಮವರು "ಹೌದು, ಇದೇ" ಅನ್ನುತ್ತಾರೆ. ಮೈಸೂರಿನವರು ಅಲ್ಲ ಅನ್ನುತ್ತಾರೆ. ಒಂದು ವಸ್ತು ಎಲ್ಲಿ ಹುಟ್ಟಿತು ಎಂಬ ಜಗಳ ನಮಗೆ ಹೊಸತಲ್ಲ.

ನಾನು ಟಿವಿ ನೋಡಲು ಶುರು ಮಾಡಿದ್ದು ತೊಂಬತ್ತರ ದಶಕದಲ್ಲಿ, ಪಕ್ಕದ ಮನೆಯ ಜಗಲಿಯಲ್ಲಿ. ಆ್ಯಂಟೆನಾ ಅಡಿಕೆ ಮರದ ದಬ್ಬೆಗೆ ಕಟ್ಟಿದ್ದರು. ಗಾಳಿ ಬಂದರೆ ತಿರುಗುತ್ತಿತ್ತು. ಒಬ್ಬ ಮೇಲೆ ಹತ್ತಿ ತಿರುಗಿಸುವುದು, ಇನ್ನೊಬ್ಬ ಒಳಗಿಂದ "ಬಂತು, ಬಂತು, ಹೋಯ್ತು!" ಅಂತ ಕೂಗುವುದು. ಗುಡುಗು ಶುರುವಾದರೆ ಮೊದಲ ಕೆಲಸ ವೈರು ಕೀಳುವುದು. ಕೀಳದವರ ಟಿವಿ ತೀರ್ಥಹಳ್ಳಿಯ ರಿಪೇರಿ ಅಂಗಡಿಗೆ ಹೋಗುತ್ತಿತ್ತು. ಆ ಅಂಗಡಿಯವರ ವಿಷಯ ಮುಂದೆ ಬರುತ್ತದೆ.

ಈಗ ಬೇರ್ಡ್.

ಜಾನ್ ಲೋಗಿ ಬೇರ್ಡ್ ಸ್ಕಾಟ್ಲೆಂಡಿನವನು. 1926ರ ಜನವರಿ 26ರಂದು ಲಂಡನ್ನಿನ ಸೋಹೊ ಬಡಾವಣೆಯ ಒಂದು ಮಹಡಿ ಕೋಣೆಯಲ್ಲಿ ವಿಜ್ಞಾನಿಗಳನ್ನು ಕರೆದು ಚಲಿಸುವ ಮುಖಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಳಿಸಿ ತೋರಿಸಿದ. ಅವನ ಮೊದಮೊದಲ ಯಂತ್ರದಲ್ಲಿ ಇದ್ದದ್ದು ಚಹಾ ಪೆಟ್ಟಿಗೆ, ಟೊಪ್ಪಿ ಡಬ್ಬ, ದಬ್ಬಣ, ಸೈಕಲ್ ದೀಪದ ಗಾಜು. ಮೊದಲು ಗೊಂಬೆಯ ತಲೆ ಇಟ್ಟು ಪರೀಕ್ಷೆ ಮಾಡಿದ್ದ. ಗೊಂಬೆಯ ಮುಖ ಸ್ಪಷ್ಟವಾಗಿ ಬಂದ ದಿನ ಕೆಳಗಿನ ಆಫೀಸಿನ ಹುಡುಗನೊಬ್ಬನನ್ನು ಎಳೆದುಕೊಂಡು ಬಂದು ಯಂತ್ರದ ಮುಂದೆ ಕೂರಿಸಿದ. ವಿಲಿಯಂ ಟೇಂಟನ್ ಎಂಬ ಆ ಹುಡುಗ ಬಿಸಿ ದೀಪಕ್ಕೆ ಹೆದರಿ ಹಿಂದೆ ಸರಿದಿದ್ದನಂತೆ.

ಬೇರ್ಡ್‌ನ ಟಿವಿಯ ಹೃದಯ ತಿರುಗುವ ತಟ್ಟೆ. ತಟ್ಟೆಯಲ್ಲಿ ಸುರುಳಿಯಾಗಿ ತೂತುಗಳು. ತಟ್ಟೆ ಒಂದು ಸುತ್ತು ಬಂದರೆ ಒಂದೊಂದು ತೂತೂ ಚಿತ್ರದ ಒಂದೊಂದು ಗೆರೆಯನ್ನು ಹಾದುಹೋಗುತ್ತದೆ. ಈ ತಟ್ಟೆಯೂ ಬೇರ್ಡ್‌ನದ್ದಲ್ಲ. ಪೌಲ್ ನಿಪ್ಕೊ ಎಂಬ ಜರ್ಮನ್ ವಿದ್ಯಾರ್ಥಿ 1884ರಲ್ಲೇ ಅದನ್ನು ಯೋಚಿಸಿ ಪೇಟೆಂಟ್ ಹಾಕಿದ್ದ. ಬೇರ್ಡ್ ಅದನ್ನು ಕೆಲಸ ಮಾಡುವ ಹಾಗೆ ಮಾಡಿ ಜನರಿಗೆ ತೋರಿಸಿದ. ಅದು ಸಣ್ಣ ಕೆಲಸವಲ್ಲ. ಆದರೆ ಚಿತ್ರಕ್ಕೆ ಇದ್ದದ್ದು ಬರೀ 30 ಗೆರೆ. ನಮ್ಮ ಜಗಲಿಯ ಟಿವಿಗೆ 625 ಗೆರೆ. ತಟ್ಟೆಯನ್ನು ಎಷ್ಟು ದೊಡ್ಡದು ಮಾಡುತ್ತೀರಿ, ಎಷ್ಟು ವೇಗ ತಿರುಗಿಸುತ್ತೀರಿ? ಕಬ್ಬಿಣಕ್ಕೆ ಒಂದು ಮಿತಿ ಇದೆ. ಗೆರೆ ಹೆಚ್ಚಬೇಕಾದರೆ ತಿರುಗುವ ವಸ್ತುವೇ ಇರಬಾರದು. ಕಬ್ಬಿಣದ ಬದಲು ಇಲೆಕ್ಟ್ರಾನ್ ಓಡಬೇಕು.

ಜಗಳ ಶುರುವಾಗುವುದು ಇಲ್ಲಿಂದ.

ಫಿಲೋ ಫಾರ್ನ್ಸ್‌ವರ್ತ್ 1906ರಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ ಹುಟ್ಟಿದ. ಮರದ ದಿಮ್ಮಿಯ ಮನೆ, ಕೃಷಿಕರ ಕುಟುಂಬ. ಇವನು ಸಣ್ಣವನಿದ್ದಾಗ ಐಡಾಹೊ ರಾಜ್ಯದ ರಿಗ್ಬಿ ಎಂಬ ಹಳ್ಳಿಯ ಕಡೆಗೆ ಬಂದರು. ಅಲ್ಲಿಯ ಮನೆಯಲ್ಲಿ ಸ್ವಂತ ಜನರೇಟರ್ ಇತ್ತು, ಅಟ್ಟದ ಮೇಲೆ ಯಾರೋ ಬಿಟ್ಟುಹೋದ ವಿಜ್ಞಾನದ ಪತ್ರಿಕೆಗಳ ಕಟ್ಟು ಇತ್ತು. ಹುಡುಗನಿಗೆ ಅಷ್ಟು ಸಾಕಾಯಿತು. ಅಟ್ಟದಲ್ಲಿ ಹಳೇ ‘ಸುಧಾ’, ‘ತರಂಗ’ ಓದಿ ಬೆಳೆದ ನಮ್ಮಂಥವರಿಗೆ ಇದು ಬೇಗ ಅರ್ಥವಾಗುತ್ತದೆ.

ಹದಿನಾಲ್ಕು ವರ್ಷದವನಿದ್ದಾಗ ಕುದುರೆ ಕಟ್ಟಿ ಆಲೂಗಡ್ಡೆ ಹೊಲದಲ್ಲಿ ಕೆಲಸ ಮಾಡುತ್ತಿದ್ದನಂತೆ. ತಿರುಗಿ ನೋಡಿದರೆ ಮಣ್ಣಿನಲ್ಲಿ ಸಾಲಿನ ಪಕ್ಕ ಸಾಲು. ಚಿತ್ರವನ್ನೂ ಹೀಗೆ ಸಾಲು ಸಾಲಾಗಿ ಇಲೆಕ್ಟ್ರಾನ್‌ನಿಂದ ಉಳಬಹುದಲ್ಲ ಎಂದು ಹೊಳೆಯಿತು ಎಂಬುದು ಕಥೆ. ಗದ್ದೆ ಅಂಚಿನಲ್ಲಿ ನಿಂತವರಿಗೆ ಇಷ್ಟವಾಗುವ ಕಥೆ, ನನಗೂ ಇಷ್ಟ. ಆದರೆ ಒಂದು ಮಾತು ಹೇಳಬೇಕು. ಚಿತ್ರವನ್ನು ಸಾಲಾಗಿ ಬಿಡಿಸುವುದು ನಿಪ್ಕೊ ತಟ್ಟೆಯಲ್ಲೇ ಇತ್ತು. ಹಾಗಾಗಿ ಹೊಲದ ಸಾಲು ಅವನ ಶೋಧ ಅಲ್ಲ. ತಿರುಗುವ ಒಂದೇ ಒಂದು ಭಾಗ ಇಲ್ಲದೆ, ಗಾಜಿನ ಕೊಳವೆಯೊಳಗೆ, ಅಯಸ್ಕಾಂತದ ಬಲದಿಂದ ಇಲೆಕ್ಟ್ರಾನ್‌ಗಳನ್ನು ಆಡಿಸಿ ಅದನ್ನು ಮಾಡಬಹುದು ಎಂದು ಕಂಡದ್ದು ಅವನ ಶೋಧ.

1922ರಲ್ಲಿ ಅವನು ಅದನ್ನು ತನ್ನ ರಸಾಯನಶಾಸ್ತ್ರದ ಮೇಷ್ಟ್ರು ಜಸ್ಟಿನ್ ಟೋಲ್‌ಮನ್ ಅವರಿಗೆ ಕಪ್ಪು ಹಲಗೆಯ ಮೇಲೆ ಬಿಡಿಸಿ ತೋರಿಸಿದ. ಈ ಮೇಷ್ಟ್ರನ್ನು ನೆನಪಿಡಿ.

ಮುಂದೆ ಸಾಲ್ಟ್ ಲೇಕ್ ಸಿಟಿಯಲ್ಲಿ ಇಬ್ಬರು ಸಿಕ್ಕಿ 6000 ಡಾಲರ್ ಹಾಕಿದರು. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊದ ಬ್ಯಾಂಕಿನವರು 25,000 ಡಾಲರ್ ಹಾಕಿದರು. 1927ರ ಜನವರಿ 7ರಂದು ಪೇಟೆಂಟ್ ಅರ್ಜಿ. ಅದೇ ವರ್ಷ ಸೆಪ್ಟೆಂಬರ್ 7ರಂದು ಗ್ರೀನ್ ಸ್ಟ್ರೀಟಿನ 202ನೇ ನಂಬರಿನ ಕಟ್ಟಡದಲ್ಲಿ ಅವನ ಹೆಂಡತಿಯ ಅಣ್ಣ ಕ್ಲಿಫ್ ಗಾರ್ಡ್ನರ್ ಒಂದು ಗಾಜಿನ ತುಂಡಿನ ಮೇಲೆ ಗೆರೆ ಎಳೆದು ಕ್ಯಾಮೆರಾ ಮುಂದೆ ಇಟ್ಟ. ಇನ್ನೊಂದು ಕೋಣೆಯ ಪರದೆಯಲ್ಲಿ ಗೆರೆ ಕಂಡಿತು. ಗಾಜು ತಿರುಗಿಸಿದರೆ ಅಲ್ಲಿಯ ಗೆರೆಯೂ ತಿರುಗಿತು. ಮೊದಲ ಕಾರ್ಯಕ್ರಮ ಅಷ್ಟೇ, ಒಂದು ಗೆರೆ. ಫಾರ್ನ್ಸ್‌ವರ್ತ್‌ಗೆ ಆಗ 21 ವರ್ಷ. ದುಡ್ಡು ಹಾಕಿದವರು ಈ ಯಂತ್ರದಲ್ಲಿ ಡಾಲರ್ ಯಾವಾಗ ಕಾಣುತ್ತದೆ ಎಂದು ಪೀಡಿಸಿದ್ದಕ್ಕೆ ಮುಂದೆ ಒಂದು ದಿನ ಡಾಲರ್ ಚಿಹ್ನೆಯನ್ನೇ ಪರದೆಯಲ್ಲಿ ತೋರಿಸಿದನಂತೆ.

ಇನ್ನೊಬ್ಬರು ವ್ಲಾಡಿಮಿರ್ ಝ್ವೊರಿಕಿನ್. ರಷ್ಯಾದಲ್ಲಿ 1888ರಲ್ಲಿ ಹುಟ್ಟಿದವರು, ಕ್ರಾಂತಿಯ ಗಲಾಟೆಯಲ್ಲಿ ದೇಶ ಬಿಟ್ಟು ಅಮೆರಿಕಕ್ಕೆ ಬಂದರು. 1923ರ ಡಿಸೆಂಬರ್ 29ರಂದೇ ಇಲೆಕ್ಟ್ರಾನಿಕ್ ಟಿವಿಗೆ ಪೇಟೆಂಟ್ ಅರ್ಜಿ ಹಾಕಿದ್ದರು. ತಾರೀಕು ನೋಡಿದರೆ ಫಾರ್ನ್ಸ್‌ವರ್ತ್‌ಗಿಂತ ಮೂರು ವರ್ಷ ಮುಂಚೆ. ಆದರೆ ಕೆಲಸ ಮಾಡುತ್ತಿದ್ದ ವೆಸ್ಟಿಂಗ್‌ಹೌಸ್ ಕಂಪನಿಯಲ್ಲಿ ಯಂತ್ರ ತೋರಿಸಿದಾಗ ಚಿತ್ರ ಮಸುಕು. ಇದಕ್ಕಿಂತ ಉಪಯೋಗದ ಕೆಲಸ ಕೊಡಿ ಇವರಿಗೆ ಎಂದು ಮೇಲಿನವರು ಹೇಳಿದರು ಅಂತ ಝ್ವೊರಿಕಿನ್ ಅವರೇ ಮುಂದೆ ನೆನಪಿಸಿಕೊಳ್ಳುತ್ತಿದ್ದರು.

ಅವರ ಕೈ ಹಿಡಿದದ್ದು ಆರ್‌ಸಿಎ ರೇಡಿಯೊ ಕಂಪನಿಯ ಡೇವಿಡ್ ಸಾರ್ನಾಫ್. ಎಷ್ಟು ಖರ್ಚಾಗುತ್ತದೆ ಎಂದು ಸಾರ್ನಾಫ್ ಕೇಳಿದಾಗ ಝ್ವೊರಿಕಿನ್ ಒಂದು ಲಕ್ಷ ಡಾಲರ್ ಅಂದರಂತೆ. ಕಂಪನಿ ಕೊನೆಗೆ ಕೋಟಿಗಟ್ಟಲೆ ಡಾಲರ್ ಸುರಿಯಬೇಕಾಯಿತು. ನಮ್ಮೂರಿನ ಕಾಂಟ್ರಾಕ್ಟರುಗಳ ಅಂದಾಜೇ ವಾಸಿ.

1930ರ ಏಪ್ರಿಲಿನಲ್ಲಿ ಝ್ವೊರಿಕಿನ್ ಫಾರ್ನ್ಸ್‌ವರ್ತ್‌ನ ಪ್ರಯೋಗಾಲಯಕ್ಕೆ ಹೋಗಿ ಮೂರು ದಿನ ಇದ್ದರು. ಫಾರ್ನ್ಸ್‌ವರ್ತ್‌ಗೆ ಇವರ ಮೇಲೆ ಗೌರವ, ಎಲ್ಲವನ್ನೂ ಬಿಚ್ಚಿ ತೋರಿಸಿದ. ಆ ಕ್ಯಾಮೆರಾ ಟ್ಯೂಬನ್ನು ಕೈಯಲ್ಲಿ ಹಿಡಿದು ಝ್ವೊರಿಕಿನ್ ಹೊಗಳಿದರು, ಇದನ್ನು ನಾನೇ ಮಾಡಿದ್ದಿದ್ದರೆ ಅಂತಲೂ ಅಂದರು ಎಂದು ಅಲ್ಲಿದ್ದವರು ಹೇಳಿದ್ದಾರೆ. ಮರುವರ್ಷ ಸಾರ್ನಾಫ್ ಒಂದು ಲಕ್ಷ ಡಾಲರಿಗೆ ಎಲ್ಲವನ್ನೂ ಕೊಳ್ಳಲು ಮುಂದಾದರು. ಫಾರ್ನ್ಸ್‌ವರ್ತ್ ಕೊಡಲಿಲ್ಲ.

ಆಮೇಲೆ ವಕೀಲರ ಕಾಲ. ಮೊದಲು ಕಂಡುಹಿಡಿದದ್ದು ನಮ್ಮ ಝ್ವೊರಿಕಿನ್ ಎಂದು ಆರ್‌ಸಿಎ ಪೇಟೆಂಟ್ ಕಚೇರಿಯಲ್ಲಿ ತಕರಾರು ಹೂಡಿತು. ಇವನು ಹದಿನೈದು ವರ್ಷದ ಹೈಸ್ಕೂಲು ಹುಡುಗನಾಗಿದ್ದಾಗಲೇ ಇದನ್ನು ಯೋಚಿಸಿದ್ದ ಅಂತ ಹೇಳಿದರೆ ಯಾರು ನಂಬುತ್ತಾರೆ? ಮೇಷ್ಟ್ರು ಟೋಲ್‌ಮನ್ ಸಾಕ್ಷಿಗೆ ಬಂದರು. ಹನ್ನೆರಡು ವರ್ಷದ ಹಿಂದೆ ಹುಡುಗ ಹಲಗೆಯ ಮೇಲೆ ಬಿಡಿಸಿದ್ದನ್ನು ನೆನಪಿನಿಂದ ಬಿಡಿಸಿ ತೋರಿಸಿದರು. ಕೊನೆಗೆ ತೀರ್ಪು ಬಂತು. ಫಾರ್ನ್ಸ್‌ವರ್ತ್ ಗೆದ್ದ.

ಸಿನಿಮಾ ಆಗಿದ್ದರೆ ಇಲ್ಲಿಗೆ ಶುಭಂ. ಆದರೆ ಆ ತೀರ್ಪಿನ ಒಳಗೆ ಹೋದರೆ ಮೇಷ್ಟ್ರ ಚಿತ್ರ ಮನಸ್ಸಿಗೆ ಮುಟ್ಟುವಂಥದ್ದೇ ಹೊರತು ಕೇಸು ಪೂರ್ತಿ ಅದರ ಮೇಲೆ ನಿಂತಿರಲಿಲ್ಲ. ಫಾರ್ನ್ಸ್‌ವರ್ತ್ ಹೇಳಿದ ರೀತಿಯ ಕೊಳವೆ 1923ರ ಝ್ವೊರಿಕಿನ್ ಅರ್ಜಿಯಲ್ಲಿ ಇದೆಯೇ ಎಂಬುದು ಪ್ರಶ್ನೆಯಾಗಿತ್ತು. ಇಲ್ಲ ಅಂದರು. ಅದೇ 1923ರ ಅರ್ಜಿಗೆ ಹದಿನೈದು ವರ್ಷ ಎಳೆದಾಡಿ 1938ರ ಡಿಸೆಂಬರಿನಲ್ಲಿ ಝ್ವೊರಿಕಿನ್ ಅವರಿಗೂ ಪೇಟೆಂಟ್ ಸಿಕ್ಕಿತು! ಅಂದರೆ ಇಬ್ಬರ ಕೈಯಲ್ಲೂ ಸರ್ಕಾರದ ಮುದ್ರೆ ಒತ್ತಿದ ಕಾಗದ. ಜಮೀನಿನ ಪಹಣಿ ಜಗಳ ನೋಡಿದವರಿಗೆ ಇದು ಆಶ್ಚರ್ಯವಲ್ಲ.

ಈ ಎರಡು ಟ್ಯೂಬುಗಳ ವ್ಯತ್ಯಾಸ ನನಗೆ ತಿಳಿದದ್ದು ಪುಸ್ತಕದಿಂದಲ್ಲ, ಆ ರಿಪೇರಿ ಅಂಗಡಿಯಿಂದ. ಅಂಗಡಿಯವರಿಗೆ ಈಗ ಅರವತ್ತು ದಾಟಿದೆ. ಈಗ ಮೊಬೈಲ್ ಕವರು, ಚಾರ್ಜರು ಮಾರುತ್ತಾರೆ. ಆದರೂ ಒಳಗಿನ ಕೋಣೆಯಲ್ಲಿ ಎರಡು ಪಿಕ್ಚರ್ ಟ್ಯೂಬು ಬೋರಲು ಮಲಗಿಸಿಟ್ಟಿದ್ದಾರೆ, ಗುಜರಿಗೆ ಕೊಡಲು ಮನಸ್ಸಿಲ್ಲ.

"ಇದ್ರ ಕುತ್ತಿಗೆ ನೋಡು ಮಾರಾಯ" ಅಂತ ತೋರಿಸಿದರು. "ಇಲ್ಲಿಂದ ಇಲೆಕ್ಟ್ರಾನ್ ಹೊಡೀತದೆ. ಈ ತಾಮ್ರದ ಸುರುಳಿ ಇದ್ಯಲ್ಲ, ಇದು ಅದನ್ನ ಎಡದಿಂದ ಬಲಕ್ಕೆ, ಮೇಲಿಂದ ಕೆಳಗೆ ಎಳೆದಾಡ್ತದೆ. ಮುಂದಿನ ಗಾಜಿನ ಒಳಗೆ ಪುಡಿ ಬಳ್ದಿದಾರೆ, ಇಲೆಕ್ಟ್ರಾನ್ ಬಿದ್ದಲ್ಲಿ ಅದು ಹೊಳೀತದೆ. ಇಷ್ಟೇ ಟಿವಿ."

"ಕ್ಯಾಮೆರಾದಲ್ಲಿ?"

"ಕ್ಯಾಮೆರಾದಲ್ಲಿ ಇದ್ರ ಉಲ್ಟಾ. ಬೆಳಕು ಬಿದ್ದಲ್ಲಿ ಇಲೆಕ್ಟ್ರಾನ್ ಹೊರಡ್ತದೆ. ಅದನ್ನ ಹಿಡೀಬೇಕು. ಕಷ್ಟ ಇರೋದೇ ಅಲ್ಲಿ."

ಆ ಕಷ್ಟ ಏನು ಎಂದು ಹೇಳಲು ಅವರು ಕೊಟ್ಟ ಹೋಲಿಕೆಯನ್ನು ನಾನು ನನ್ನ ಮನೆಗೆ ತಂದು ಬೆಳೆಸಿಕೊಂಡಿದ್ದೇನೆ. ಆಗುಂಬೆಯ ಆಷಾಢದ ಮಳೆ, ಹಳೇ ಹೆಂಚಿನ ಮನೆ. ನೂರು ಕಡೆ ಸೋರುತ್ತಿದೆ. ಎಲ್ಲಿ ಎಷ್ಟು ಸೋರುತ್ತಿದೆ ಎಂದು ನೀವು ಲೆಕ್ಕ ಮಾಡಬೇಕು. ಒಂದು ದಾರಿ, ಒಂದೇ ಲೋಟ ಹಿಡಿದು ಓಡುತ್ತಾ ಹೋಗುವುದು. ಒಂದು ಸೋರುವ ಜಾಗದ ಕೆಳಗೆ ಒಂದು ಕ್ಷಣ ನಿಲ್ಲಬಹುದು, ಆ ಕ್ಷಣದಲ್ಲಿ ಬಿದ್ದ ಹನಿ ಮಾತ್ರ ಲೋಟಕ್ಕೆ. ಉಳಿದ ತೊಂಬತ್ತೊಂಬತ್ತು ಜಾಗದ ನೀರು ನೆಲದ ಪಾಲು. ಲೋಟದಲ್ಲಿ ಅಳೆಯುವಷ್ಟು ನೀರು ಬೀಳಬೇಕಾದರೆ ಮಳೆ ಭಯಂಕರ ಜೋರಾಗಿರಬೇಕು. ಫಾರ್ನ್ಸ್‌ವರ್ತ್‌ನ ‘ಇಮೇಜ್ ಡಿಸೆಕ್ಟರ್’ ಹೀಗೆ. ಅವನ ಕ್ಯಾಮೆರಾಕ್ಕೆ ಕಣ್ಣು ಕುಕ್ಕುವ ಬೆಳಕು ಬೇಕಿತ್ತು. 1929ರಲ್ಲಿ ಹೆಂಡತಿ ಪೆಮ್ ಮುಖವನ್ನು ಅದರಲ್ಲಿ ತೋರಿಸಿದಾಗ ದೀಪದ ಹೊಡೆತಕ್ಕೆ ಅವಳು ಕಣ್ಣು ಮುಚ್ಚಿದ್ದಳು.

ಇನ್ನೊಂದು ದಾರಿ ನಮ್ಮ ಅಜ್ಜಿಯರದ್ದು. ಸೋರುವ ಪ್ರತಿ ಜಾಗಕ್ಕೂ ಒಂದೊಂದು ಪಾತ್ರೆ ಇಟ್ಟುಬಿಡುವುದು. ತಪ್ಪಲೆ, ಚೊಂಬು, ಬೋಗುಣಿ, ಸಿಕ್ಕಿದ್ದು. ನೀವು ಸುತ್ತು ಹೊಡೆದು ಒಂದೊಂದನ್ನೇ ಚೆಲ್ಲುತ್ತಾ ಬರುವುದರೊಳಗೆ ಪ್ರತಿ ಪಾತ್ರೆಯಲ್ಲೂ ಅಷ್ಟು ಹೊತ್ತಿನ ನೀರು ಕೂಡಿರುತ್ತದೆ. ಸಣ್ಣ ಮಳೆಯಾದರೂ ಲೆಕ್ಕ ಸಿಗುತ್ತದೆ. ಝ್ವೊರಿಕಿನ್ ಅವರ ‘ಐಕೊನೊಸ್ಕೋಪ್’ ಹೀಗೆ. ಬೆಳಕಿನಿಂದ ಹುಟ್ಟಿದ ವಿದ್ಯುತ್ತನ್ನು ಲಕ್ಷಗಟ್ಟಲೆ ಸಣ್ಣ ಚುಕ್ಕೆಗಳಲ್ಲಿ ಕೂಡಿಟ್ಟು, ಸರದಿ ಬಂದಾಗ ಚೆಲ್ಲಿಸಿಕೊಳ್ಳುವುದು. ಟಿವಿ ಸ್ಟುಡಿಯೊಗಳು ಮುಂದೆ ಹಿಡಿದದ್ದು ಈ ದಾರಿಯನ್ನೇ. ಹೀಗಾಗಿ ಫಾರ್ನ್ಸ್‌ವರ್ತ್ ಪಕ್ಷದವರು ಕೇಸು ಗೆದ್ದ ಕಥೆ ಹೇಳಿ ಇದನ್ನು ಮುಚ್ಚಿಟ್ಟರೆ ಅದು ಅರ್ಧ ಕಥೆ.

ಹಾಗಾದರೆ ಪಾತ್ರೆ ಇಡುವ ಉಪಾಯವಾದರೂ ಝ್ವೊರಿಕಿನ್ ಅವರದ್ದೇ? ಹಂಗೇರಿಯ ಕಾಲ್ಮನ್ ತಿಹಾನ್ಯಿ ಎಂಬ ಎಂಜಿನಿಯರು ವಿದ್ಯುತ್ತನ್ನು ಕೂಡಿಡುವ ತತ್ವವನ್ನು 1926ರ ಮಾರ್ಚ್‌ನಲ್ಲೇ ‘ರೇಡಿಯೊಸ್ಕೋಪ್’ ಎಂಬ ಹೆಸರಿನಲ್ಲಿ ಪೇಟೆಂಟ್ ಅರ್ಜಿಗೆ ಹಾಕಿದ್ದ. ಆರ್‌ಸಿಎ ಮುಂದೆ ಅವನ ಪೇಟೆಂಟ್ ಹಕ್ಕುಗಳನ್ನು ಕೊಂಡುಕೊಂಡಿತು. ಸುಮ್ಮನೆ ಯಾರೂ ದುಡ್ಡು ಕೊಡುವುದಿಲ್ಲ ತಾನೆ? 1947ರಲ್ಲಿ ತಿಹಾನ್ಯಿ ಸತ್ತ. 2001ರಲ್ಲಿ ಯುನೆಸ್ಕೊ ಅವನ ಆ ಅರ್ಜಿಯನ್ನು ಜಗತ್ತಿನ ನೆನಪಿನ ದಾಖಲೆಗಳ ಪಟ್ಟಿಗೆ ಸೇರಿಸಿತು. ಆದರೂ ಈ ಹೆಸರು ನೀವು ಇವತ್ತೇ ಮೊದಲು ಕೇಳುತ್ತಿರಬೇಕು.

ಇನ್ನೂ ಹಿಂದೆ ಹೋಗೋಣ. ನಮ್ಮ ರಿಪೇರಿ ಅಂಗಡಿಯಲ್ಲಿ ಬೋರಲು ಮಲಗಿದ ಆ ಗಾಜಿನ ಕೊಳವೆಯ ಮೂಲಪುರುಷ ಜರ್ಮನಿಯ ಫರ್ಡಿನೆಂಡ್ ಬ್ರೌನ್, 1897. ಅದನ್ನು ಚಿತ್ರ ನೋಡಲು ಬಳಸಬಹುದು ಎಂದು 1907ರಲ್ಲಿ ಪೇಟೆಂಟ್ ಹಾಕಿದವರು ರಷ್ಯಾದ ಬೋರಿಸ್ ರೋಸಿಂಗ್. ಝ್ವೊರಿಕಿನ್ ಇವರ ಶಿಷ್ಯ, ಕಾಲೇಜಿನಲ್ಲಿ ಇವರ ಪ್ರಯೋಗಕ್ಕೆ ಕೈಜೋಡಿಸಿದ್ದವರು. ಗುರುವಿನ ಗತಿ ಏನಾಯಿತು ಗೊತ್ತೆ? 1931ರಲ್ಲಿ ಸೋವಿಯತ್ ಸರ್ಕಾರ ಬಂಧಿಸಿ ಉತ್ತರದ ಅರ್ಖಾಂಗೆಲ್ಸ್ಕ್‌ಗೆ ಗಡಿಪಾರು ಮಾಡಿತು. 1933ರಲ್ಲಿ ಅಲ್ಲೇ ತೀರಿಕೊಂಡರು. ಶಿಷ್ಯ ಅಮೆರಿಕದಲ್ಲಿ ಐಕೊನೊಸ್ಕೋಪನ್ನು ಜಗತ್ತಿಗೆ ತೋರಿಸಿದ್ದು ಅದೇ 1933ರಲ್ಲಿ.

ಎರಡೂ ಕಡೆ, ಅಂದರೆ ಕ್ಯಾಮೆರಾದಲ್ಲೂ ಪರದೆಯಲ್ಲೂ ಇಲೆಕ್ಟ್ರಾನ್ ಕೊಳವೆಯೇ ಇರಬೇಕು ಎಂದು 1908ರಲ್ಲಿ ‘ನೇಚರ್’ ಪತ್ರಿಕೆಗೆ ಒಂದು ಪತ್ರ ಬರೆದವರು ಕ್ಯಾಂಬೆಲ್ ಸ್ವಿಂಟನ್ ಎಂಬ ಬ್ರಿಟಿಷ್ ಎಂಜಿನಿಯರು. ವಾಚಕರ ವಾಣಿಗೆ ಬಂದ ಪತ್ರದಲ್ಲಿ ಇಡೀ ಟಿವಿ ಇತ್ತು ಅನ್ನಿ. ಇನ್ನು ಜಪಾನಿನ ಕೆಂಜಿರೊ ತಾಕಾಯಾನಗಿ 1926ರ ಡಿಸೆಂಬರ್ 25ರಂದು, ಫಾರ್ನ್ಸ್‌ವರ್ತ್‌ನ ಗೆರೆಗಿಂತ ಎಂಟು ತಿಂಗಳು ಮುಂಚೆ, ಪಿಕ್ಚರ್ ಟ್ಯೂಬಿನ ಮೇಲೆ ಒಂದು ಜಪಾನಿ ಅಕ್ಷರ ಮೂಡಿಸಿದ್ದರು. ಕಳಿಸುವ ಕಡೆ ಇದ್ದದ್ದು ಮಾತ್ರ ತಿರುಗುವ ತಟ್ಟೆ. ಆ ಅಕ್ಷರದ ಉಚ್ಚಾರ ‘ಇ’. ಟಿವಿ ಪರದೆಯಲ್ಲಿ ಮೂಡಿದ ಮೊದಲ ಅಕ್ಷರಗಳಲ್ಲಿ ಅದು ಒಂದು, ನಮ್ಮ ಕಾಗುಣಿತದಲ್ಲೂ ಇದೆ.

ರಿಗ್ಬಿಯ ಹೊಲ, ಸೋಹೊದ ಮಹಡಿ, ಬುಡಾಪೆಸ್ಟ್, ಪೀಟರ್ಸ್‌ಬರ್ಗ್, ಜಪಾನ್. ಒಬ್ಬರಿಗೊಬ್ಬರ ಮುಖಪರಿಚಯ ಹೆಚ್ಚಿನವರಿಗೆ ಇಲ್ಲ. ಎಲ್ಲರೂ ಒಂದೇ ಹಣ್ಣಿನ ಮರಕ್ಕೆ ಬೇರೆಬೇರೆ ಕಡೆಯಿಂದ ಹತ್ತುತ್ತಿದ್ದರು.

ನನ್ನನ್ನು ಕೇಳಿದರೆ? ತಿರುಗುವ ಭಾಗವಿಲ್ಲದ ಪೂರ್ತಿ ಇಲೆಕ್ಟ್ರಾನಿಕ್ ಟಿವಿಯನ್ನು ಮೊದಲು ಮಾಡಿ ತೋರಿಸಿದ್ದು ಫಾರ್ನ್ಸ್‌ವರ್ತ್. ಅದನ್ನು ಮನೆಮನೆಗೆ ಮುಟ್ಟುವ ಹಾಗೆ ಮಾಡಿದ್ದರಲ್ಲಿ ದೊಡ್ಡ ಪಾಲು ಝ್ವೊರಿಕಿನ್ ಮತ್ತು ಅವರ ಹಿಂದಿದ್ದ ಕಂಪನಿಯದ್ದು. ಚಲಿಸುವ ಮುಖವನ್ನು ದೂರಕ್ಕೆ ಕಳಿಸಬಹುದು ಎಂದು ಜನರಿಗೆ ನಂಬಿಕೆ ಬರಿಸಿದ್ದು ಬೇರ್ಡ್. ಪ್ರಶ್ನೆಪತ್ರಿಕೆಯಲ್ಲಿ ಒಂದೇ ಗೆರೆ ಬಿಟ್ಟಿದ್ದರೆ ಇದನ್ನೆಲ್ಲ ಎಲ್ಲಿ ಬರೆಯುವುದು? ಒಂದು ತಮಾಷೆ ಕೇಳಿ. ಕೊನೆಕೊನೆಗೆ ಬೇರ್ಡ್ ಕಂಪನಿಯೇ ಫಾರ್ನ್ಸ್‌ವರ್ತ್‌ನ ಕ್ಯಾಮೆರಾ ಟ್ಯೂಬಿನ ಹಕ್ಕು ಪಡೆದು ಬಳಸಿತು. 1936ರ ನವೆಂಬರಿನಲ್ಲಿ ಬಿಬಿಸಿ ಟಿವಿ ಶುರುವಾದಾಗ ಒಂದು ವಾರ ಬೇರ್ಡ್ ಪದ್ಧತಿ, ಒಂದು ವಾರ ಮಾರ್ಕೊನಿ-ಇಎಂಐ ಕಂಪನಿಯ ಪೂರ್ತಿ ಇಲೆಕ್ಟ್ರಾನಿಕ್ ಪದ್ಧತಿ ಅಂತ ಸರದಿ ಇಟ್ಟರು. ಮೂರು ತಿಂಗಳಲ್ಲಿ ಬೇರ್ಡ್ ಪದ್ಧತಿ ಹೊರಬಿತ್ತು. ನಮ್ಮ ಪ್ರಶ್ನೆಪತ್ರಿಕೆಗಳಿಂದ ಮಾತ್ರ ಇನ್ನೂ ಹೊರಬಿದ್ದಿಲ್ಲ. ಬ್ರಿಟಿಷರ ಪಠ್ಯದಲ್ಲಿ ಬ್ರಿಟಿಷರ ಹೆಸರು ಇತ್ತು, ನಾವು ಹಾಗೇ ನಕಲು ಇಳಿಸಿಕೊಂಡೆವು ಅಂತ ನನ್ನ ಗುಮಾನಿ.

ಹೆಸರಿನ ಜಗಳ ನಮ್ಮ ರಾಜ್ಯದಲ್ಲೂ ಉಂಟು. ಮೈಸೂರಿನಲ್ಲಿ 1935ರ ಸೆಪ್ಟೆಂಬರಿನಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಸಣ್ಣದೊಂದು ರೇಡಿಯೊ ಕೇಂದ್ರ ಶುರು ಮಾಡಿದರು. ಅದಕ್ಕೆ ‘ಆಕಾಶವಾಣಿ’ ಅಂತ ಹೆಸರು. ಮುಂದೆ ಇಡೀ ದೇಶದ ರೇಡಿಯೊಗೆ ಅದೇ ಹೆಸರಾಯಿತು. ಹೆಸರು ಹೊಳೆದದ್ದು ಅಲ್ಲಿ ಜೊತೆಗಿದ್ದ ನಾ. ಕಸ್ತೂರಿಯವರಿಗೆ ಎಂದು ಒಂದು ವಾದ, ಗೋಪಾಲಸ್ವಾಮಿಯವರಿಗೇ ಎಂದು ಇನ್ನೊಂದು. ಅತ್ತ ಬಂಗಾಳದ ಕಡೆಯವರು ಅದು ಟಾಗೋರರು ಕೊಟ್ಟ ಹೆಸರು ಅನ್ನುತ್ತಾರೆ. ಟಾಗೋರರ ಹೆಸರು ತಳಕು ಹಾಕಿಕೊಳ್ಳುವುದು 1938ರ ಕಲ್ಕತ್ತಾ ಕೇಂದ್ರದ ಜೊತೆ. ಮೈಸೂರಿನದ್ದು ಅದಕ್ಕಿಂತ ಮೂರು ವರ್ಷ ಹಿಂದಿನದು. ಆದರೂ ದೊಡ್ಡ ಹೆಸರಿನ ಹತ್ತಿರ ಸಣ್ಣ ಹೆಸರು ಹೋಗಿ ಕರಗುತ್ತದೆ, ಸಕ್ಕರೆ ನೀರಿಗೆ ಬಿದ್ದ ಹಾಗೆ.

ಇದನ್ನೆಲ್ಲ ಇಷ್ಟು ಉದ್ದ ಯಾಕೆ ಕೊರೆಯುತ್ತಿದ್ದೇನೆ ಅಂದರೆ ನನ್ನದೂ ಒಂದು ಸಂಕಟ ಇದೆ. ನಾನು ಸ್ಟ್ರಿಂಗರ್. ಸಂಬಳ ಇಲ್ಲ, ಅಚ್ಚಾದ ಸುದ್ದಿಗೆ ಇಷ್ಟು ಅಂತ ದುಡ್ಡು. ಕೆಲವು ವರ್ಷದ ಹಿಂದೆ ಒಂದು ಜುಲೈನಲ್ಲಿ, ಕಾಡಿನ ಒಳಗಿನ ಮೂರು ಮನೆಗಳ ಮಕ್ಕಳು ಎರಡು ಅಡಿಕೆ ಮರ ಜೋಡಿಸಿದ ಕಾಲುಸಂಕದ ಮೇಲೆ ಹಳ್ಳ ದಾಟುವುದನ್ನು ನೋಡಲು ನಾಲ್ಕು ಕಿಲೋಮೀಟರ್ ನಡೆದು ಹೋದೆ. ಕಾಲಿಗೆಲ್ಲ ಉಂಬಳ. ಸಂಕದ ಫೋಟೊ ತೆಗೆದು, ತಾಯಂದಿರ ಹತ್ತಿರ ಮಾತಾಡಿ, ನೆಟ್‌ವರ್ಕ್ ಸಿಗುವ ಗುಡ್ಡಕ್ಕೆ ಬಂದು ರಾತ್ರಿ ಕಳಿಸಿದೆ. ಎರಡು ದಿನ ಬಿಟ್ಟು ರಾಜ್ಯ ಪುಟದಲ್ಲಿ ಬಂತು. ಅರ್ಧ ಪುಟ. ಹೆಸರು ಮಾತ್ರ ಊರಿನಲ್ಲಿ ಕೂತ ಬೇರೊಬ್ಬರದ್ದು. ಅವರು ಆಗುಂಬೆ ಘಾಟಿ ಇಳಿದವರೇ ಅಲ್ಲ. ಯಾವ ಪತ್ರಿಕೆ ಎಂದು ಬರೆಯುವುದಿಲ್ಲ.

ಫೋನು ಮಾಡಿದೆ. "ಸುದ್ದಿ ಬಂತಲ್ಲ ಮಾರಾಯ, ಹೆಸರಿನಿಂದ ಎಂತ ಆಗಬೇಕು?" ಅಂದರು. ಬರೀ ಹೆಸರಿನ ಮಾತಾಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಸುದ್ದಿಗೆ ದುಡ್ಡು ಬರುವುದು ಹೆಸರಿನ ಲೆಕ್ಕದಲ್ಲಿ. ಅದಕ್ಕಿಂತ ಮುಖ್ಯ, ಆ ತಾಯಂದಿರು ಮುಂದಿನ ಸಲ ಹೇಳಿಕೊಳ್ಳಲು ಹುಡುಕುವುದು ಅಚ್ಚಾದ ಹೆಸರನ್ನು. ಆ ಹೆಸರಿನವರಿಗೆ ಹಳ್ಳ ಯಾವುದು, ಸಂಕ ಯಾವುದು ಗೊತ್ತಿಲ್ಲ. ನಾನು ವಾಟ್ಸಾಪಿನ ಆ ಮೆಸೇಜನ್ನು ಇನ್ನೂ ಅಳಿಸಿಲ್ಲ. ರಾತ್ರಿ 9 ಗಂಟೆ 47 ನಿಮಿಷ, ಹನ್ನೊಂದು ಫೋಟೊ, ಎರಡು ನೀಲಿ ಗೆರೆ. ನನ್ನ ಪಾಲಿನ ಟೋಲ್‌ಮನ್ ಮೇಷ್ಟ್ರು ಅದು.

ಫಾರ್ನ್ಸ್‌ವರ್ತ್ ಕಥೆಯ ಒಳಗೂ ಹೀಗೆ ಮುಚ್ಚಿಹೋದವರಿದ್ದಾರೆ. ಒಂಟಿ ಹುಡುಗ ದೊಡ್ಡ ಕಂಪನಿಯ ಎದುರು ನಿಂತ ಎಂದು ಹೇಳುವುದು ಚಂದ. ಆದರೆ ಗಾಜಿನ ಕೊಳವೆಗಳನ್ನು ಊದಿ ಮಾಡಲು ಕಲಿತು, ಒಡೆದಾಗ ಮತ್ತೆ ಊದಿದ್ದು ಆ ಭಾವಮೈದ ಕ್ಲಿಫ್. ಪೆಮ್ ಪ್ರಯೋಗಾಲಯದ ದಾಖಲೆ ಪುಸ್ತಕಗಳಿಗೆ ಚಿತ್ರ ಬರೆದುಕೊಟ್ಟಳು, ಲೆಕ್ಕ ನೋಡಿಕೊಂಡಳು. ಗಂಡ 1971ರಲ್ಲಿ ಸತ್ತ ಮೇಲೆ 2006ರಲ್ಲಿ ತಾನು ಸಾಯುವವರೆಗೂ ಅವನ ಹೆಸರು ಉಳಿಸಲು ಓಡಾಡಿದಳು. ಇವತ್ತು ಆ ಒಂಬತ್ತನೇ ಕ್ಲಾಸಿನ ಹುಡುಗಿಯ ಬಾಯಿಗೆ ಆ ಹೆಸರು ಬಂದಿದ್ದರೆ ಅದರಲ್ಲಿ ಪೆಮ್ ಪಾಲು ಎಷ್ಟು ಎಂದು ಯೋಚಿಸಿ.

ಗೆದ್ದ ತೀರ್ಪಿನಿಂದ ಫಾರ್ನ್ಸ್‌ವರ್ತ್‌ಗೆ ಏನು ಸಿಕ್ಕಿತು? 1934ರ ಆಗಸ್ಟಿನಲ್ಲಿ ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟಿನಲ್ಲಿ ಜನರಿಗೆ ತನ್ನ ಟಿವಿ ತೋರಿಸಿದ, ಜನ ಸಾಲುಗಟ್ಟಿ ಬಂದರು. 1939ರ ಏಪ್ರಿಲಿನಲ್ಲಿ ಸಾರ್ನಾಫ್ ನ್ಯೂಯಾರ್ಕ್ ಜಾಗತಿಕ ಮೇಳದಲ್ಲಿ ಕ್ಯಾಮೆರಾ ಮುಂದೆ ನಿಂತು ಟಿವಿ ಹುಟ್ಟಿತು ಎಂದು ಸಾರಿದರು. ಆ ಭಾಷಣದ ಫೋಟೊ ಜಗತ್ತಿನ ಪುಸ್ತಕಗಳಲ್ಲೆಲ್ಲ ಇದೆ. ಅದೇ ವರ್ಷ ಸದ್ದಿಲ್ಲದೆ ಆರ್‌ಸಿಎ ಫಾರ್ನ್ಸ್‌ವರ್ತ್‌ಗೆ ಹತ್ತು ವರ್ಷದಲ್ಲಿ ಹತ್ತು ಲಕ್ಷ ಡಾಲರ್ ಮತ್ತು ಮೇಲೆ ರಾಯಲ್ಟಿ ಕೊಡುವ ಒಪ್ಪಂದಕ್ಕೆ ಸಹಿ ಹಾಕಿತು. ಪೇಟೆಂಟಿಗೆ ದುಡ್ಡು ವಸೂಲಿ ಮಾಡಿ ಗೊತ್ತಿದ್ದ ಕಂಪನಿ, ಕೊಟ್ಟು ಗೊತ್ತಿರಲಿಲ್ಲ. ಸಹಿ ಹಾಕುವಾಗ ಅವರ ಕಡೆಯವರ ಕಣ್ಣಲ್ಲಿ ನೀರಿತ್ತು ಎಂದು ಹೇಳುತ್ತಾರೆ. ಅಷ್ಟರಲ್ಲಿ ಯುದ್ಧ. 1942ರಲ್ಲಿ ಅಮೆರಿಕ ಟಿವಿ ತಯಾರಿಕೆಯನ್ನೇ ನಿಲ್ಲಿಸಿತು. ಯುದ್ಧ ಮುಗಿದು ಜನ ಟಿವಿ ಕೊಳ್ಳುವ ಹೊತ್ತಿಗೆ, 1947ರಲ್ಲಿ, ಫಾರ್ನ್ಸ್‌ವರ್ತ್‌ನ ಮುಖ್ಯ ಪೇಟೆಂಟುಗಳ ಅವಧಿ ಮುಗಿದಿತ್ತು. ಫಸಲು ಬಂದಾಗ ಗೇಣಿ ಚೀಟಿ ಮುಗಿದ ಹಾಗೆ.

ನಮ್ಮ ದೇಶಕ್ಕೆ ಟಿವಿ ಬಂದದ್ದು 1959ರ ಸೆಪ್ಟೆಂಬರ್ 15ಕ್ಕೆ, ದೆಹಲಿಯಲ್ಲಿ. ಕರ್ನಾಟಕದ ಹಳ್ಳಿಗಳಿಗೆ 1975ರ ಆಗಸ್ಟ್ 1ಕ್ಕೆ, ಅದೂ ನೇರ ಉಪಗ್ರಹದಿಂದ. ‘ಸೈಟ್’ ಎಂಬ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಒಂದು ವರ್ಷ ಸಮುದಾಯ ಟಿವಿ ಕೊಟ್ಟಿದ್ದರು, ನಮ್ಮ ರಾಜ್ಯದಲ್ಲಿ ಕಲಬುರಗಿ, ರಾಯಚೂರು, ವಿಜಯಪುರದ ಕಡೆ. ಬೆಂಗಳೂರು ದೂರದರ್ಶನ 1981ರ ನವೆಂಬರ್ 1ಕ್ಕೆ. ಮಲೆನಾಡಿನ ನಾವು ಗುಡ್ಡದ ಮರೆಯಲ್ಲಿದ್ದವರು, ಕಡೆಗೆ ಬಂದವರು. ಆ ಹೊತ್ತಿಗೆ ಇದನ್ನೆಲ್ಲ ಮಾಡಿದವರಲ್ಲಿ ಹೆಚ್ಚಿನವರು ಇರಲಿಲ್ಲ. ಝ್ವೊರಿಕಿನ್ 1982ರವರೆಗೆ ಬದುಕಿದ್ದರು, ಟಿವಿಯಲ್ಲಿ ಬರುವ ಕಾರ್ಯಕ್ರಮಗಳನ್ನು ಬೈಯುತ್ತಾ.

ಫಾರ್ನ್ಸ್‌ವರ್ತ್ ಅಮೆರಿಕದ ರಾಷ್ಟ್ರಮಟ್ಟದ ಟಿವಿಯಲ್ಲಿ ಅತಿಥಿಯಾಗಿ ಕಾಣಿಸಿಕೊಂಡದ್ದು 1957ರಲ್ಲಿ. ಅದೂ ಒಂದು ರಸಪ್ರಶ್ನೆಯಂಥ ಕಾರ್ಯಕ್ರಮವೇ. ಬಂದ ಅತಿಥಿಯ ಗುಟ್ಟು ಏನು ಎಂದು ನಾಲ್ವರು ಕೂತು ಪ್ರಶ್ನೆ ಕೇಳಿ ಊಹಿಸಬೇಕು. ನೀವು ಮಾಡಿದ ಯಂತ್ರ ಬಳಸಿದರೆ ನೋವಾಗುತ್ತದೆಯೇ ಎಂದು ಒಬ್ಬರು ಕೇಳಿದರು. ಕೆಲವೊಮ್ಮೆ ಬಹಳ ನೋವಾಗುತ್ತದೆ ಎಂದ ಫಾರ್ನ್ಸ್‌ವರ್ತ್. ಸಭೆ ನಕ್ಕಿತು. ನಾಲ್ವರಲ್ಲಿ ಒಬ್ಬರಿಗೂ ಗುಟ್ಟು ಗೊತ್ತಾಗಲಿಲ್ಲ. ಹಾಗಾಗಿ ನಿಯಮದ ಪ್ರಕಾರ ಅವನೇ ಗೆದ್ದ. 80 ಡಾಲರ್ ಮತ್ತು ಒಂದು ಬಂಡಲ್ ಸಿಗರೇಟು ಕೊಟ್ಟು ಕಳಿಸಿದರು.